ತಮ್ಮನ ಬಾಯಿ ಮೂಸಿದ ಬೆಳಿಗ್ಗೆ

ನನ್ನ ತಮ್ಮ ಕುಡಿಯುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಕುಡಿಯುತ್ತಾನೆ ಎಂದು ಊರಿಗೆಲ್ಲ ಹೇಳಿದವಳು ನಾನೇ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತೇನೆ. ತಮ್ಮ ಬೈತಖೋಲ ಬಂದರಿನ ಬೋಟೊಂದರಲ್ಲಿ ಬಲೆ ಎಳೆಯುತ್ತಿದ್ದ. ಅಂದು ಬೆಳಿಗ್ಗೆ ನಾನು ಮೀನು ಕೊಳ್ಳಲು ಅಲ್ಲಿಗೆ ಹೋಗಿದ್ದಾಗ, ಬೋಟಿನಿಂದ ಇಳಿದವನು ದಡದ ಧಕ್ಕೆಯ ಕಟ್ಟೆಯ ಮೇಲೆ ಎರಡು ಹೆಜ್ಜೆ ಇಟ್ಟು ಮೀನಿನ ಬುಟ್ಟಿಗಳ ಮೇಲೆ ಬಿದ್ದ. ಎದ್ದ, ಮತ್ತೆ ಬಿದ್ದ. ಮಾತು ತೊದಲುತ್ತಿತ್ತು.

ಗೋವಾ ಪಕ್ಕದಲ್ಲೇ ಇರುವ ಊರು ನಮ್ಮದು. ತೂರಾಡುವವನನ್ನು ಕಂಡರೆ ಯಾರೂ ಎರಡನೆಯ ಕಾರಣ ಹುಡುಕುವುದಿಲ್ಲ.

"ಬೆಳಿಗ್ಗೆ ಬೆಳಿಗ್ಗೆನೇ ಗೋವಾಕ್ಕೆ ಹೋಗಿ ಬಂದ್ಯೇನಾ?" ಎಂದು ಜೊತೆಯವರು ನಕ್ಕರು. ಬೋಟು ನಡೆಸುವ ತಾಂಡೇಲ ಮಾತ್ರ ನಗಲಿಲ್ಲ. "ನೀನೇ ನೋಡೇ ಮಾರಾಯ್ತಿ. ಕುಡದಾನೋ, ಬೇರೆ ಎಂತಾರೂ ಆಗ್ಯದೋ?"

ನಾನು ಬಗ್ಗಿ ತಮ್ಮನ ಬಾಯಿ ಮೂಸಿದೆ. ಮೀನು ಸಾರಿನ ವಾಸನೆ, ಬೀಡಿಯ ವಾಸನೆ. ಸಾರಾಯಿಯ ವಾಸನೆ ಇರಲಿಲ್ಲ.

"ಕುಡದಾನೆ," ಅಂದೆ.

ಕುಡಿದವನನ್ನು ಬೋಟಿನವರು ಬೈಯುತ್ತಾರೆ, ಮರುದಿನ ಮತ್ತೆ ಕರೆಯುತ್ತಾರೆ. ಬೀಳುವ ಕಾಯಿಲೆಯವನನ್ನು ಯಾರೂ ಸಮುದ್ರಕ್ಕೆ ಕರೆದುಕೊಂಡು ಹೋಗುವುದಿಲ್ಲ. ಅವನ ಜಾಗ ಉಳಿಯಲಿ ಎಂದು ಹೇಳಿದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೂ ಕುಡಿತವೇ ಹಗುರ ಅನಿಸಿತ್ತು. ಬೈದರೆ ಮುಗಿಯುತ್ತದೆ.

ಮುಗಿಯಲಿಲ್ಲ. ತಮ್ಮನ ಕೈ ಜೋಮು ಹಿಡಿದು ಹಗ್ಗ ಜಾರತೊಡಗಿದಾಗ ತಾಂಡೇಲನೇ ನಮ್ಮನ್ನು ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದ. "ಕುಡಿಯುತ್ತಾನಾ?" ಎಂದು ಡಾಕ್ಟರು ತಮ್ಮನನ್ನು ಬಿಟ್ಟು ನನ್ನನ್ನು ಕೇಳಿದರು. ತಾಂಡೇಲ ಪಕ್ಕದಲ್ಲೇ ನಿಂತಿದ್ದ. ಹೌದು ಅಂದೆ. ಇಲ್ಲ ಎಂದು ತಮ್ಮ ಕೂಗಿದ. ಕುಡಿಯುವವರೆಲ್ಲ ಹಾಗೇ ಅನ್ನುವುದು ಎನ್ನುತ್ತ ಡಾಕ್ಟರು ಶಕ್ತಿಯ ಗುಳಿಗೆ ಬರೆದರು. ಮಳೆಗಾಲವಿಡೀ ಅವನು ಅದನ್ನೇ ನುಂಗಿದ. ಮಳೆ ಮುಗಿಯುವಾಗ ಎಡಗಣ್ಣು ಮಂಜಾಗಿತ್ತು.

ಆಮೇಲೆ ಗೋವಾದ ಆಸ್ಪತ್ರೆ. ತಲೆಯ ಸ್ಕ್ಯಾನ್, ಬೆನ್ನಿಗೆ ಸೂಜಿ ಚುಚ್ಚಿ ತೆಗೆದ ನೀರು, ಸೀಸೆ ಸೀಸೆ ರಕ್ತ. ಅಲ್ಲಿಯ ಡಾಕ್ಟರು ಕೊಂಕಣಿಯಲ್ಲೇ ತಿಳಿಸಿದರು: ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳನ್ನು ತಿನ್ನುತ್ತಿರಬಹುದು. ಮುಂದಿನ ಸಲ ಹೋದಾಗ ಇನ್ನೊಬ್ಬರು, ರಕ್ತದಲ್ಲಿ ಏನೂ ಸಿಗಲಿಲ್ಲ, ಅದು ಅಲ್ಲದೆಯೂ ಇರಬಹುದು ಎಂದರು. ಆ 'ಇರಬಹುದು' ನೆನೆದರೆ ಈಗಲೂ ಮೈ ಉರಿಯುತ್ತದೆ. ಬಂಗಡೆ ತಾಜಾ ಇದೆಯೇ ಎಂದು ಕೇಳಿದ ಗಿರಾಕಿಗೆ ನಾನು 'ಇರಬಹುದು' ಅಂದರೆ ಅವನು ಬುಟ್ಟಿಯ ಮುಂದೆ ನಿಲ್ಲುತ್ತಾನೆಯೇ?

ಆ ಡಾಕ್ಟರೇ ಕೇಳಿದರು: "ಮೊದಲು ಬಿದ್ದ ದಿನ ಇವನು ಕುಡಿದಿದ್ದನೇ?"

"ಇಲ್ಲ. ನಾನು ಮೂಸಿ ನೋಡಿದ್ದೆ."

ತಮ್ಮ ನನ್ನತ್ತ ತಿರುಗಿದ. ವಾಪಸು ಬರುವ ಬಸ್ಸು ಸದಾಶಿವಗಡ ತಲುಪಿದಾಗ ಕೇಳಿದ.

"ಗೊತ್ತಿತ್ತಾ ಅಕ್ಕಾ ನಿಂಗೆ?"

"ಗೊತ್ತಿತ್ತು."

"ಹಂಗಾರೆ ಧಕ್ಕೆಗೆ ಬಂದು ಹೇಳು. ನನ್ನ ಹತ್ರ ಹೇಳಿ ಎಂತಾ ಆಗೂದದೆ?"

ಮರುದಿನ ಹೋದೆವು. ಅವನ ಕೈಯಲ್ಲಿ ಕೋಲು. ಹರಿದ ಬಲೆ ಹೊಲಿಯುತ್ತ ಕೂತವರೆಲ್ಲರ ಎದುರೇ ತಾಂಡೇಲನಿಗೆ ಹೇಳಿದೆ. "ಅವತ್ತು ವಾಸ್ನೆ ಇರ್ಲಿಲ್ಲ. ನಾ ಸುಳ್ಳು ಹೇಳ್ದೆ. ಅಂವಗೆ ಕಾಯಿಲೆ."

"ಎಂತಾ ಕಾಯಿಲೆ? ಹೆಸ್ರು ಹೇಳು."

"ಹೆಸ್ರು ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ ಇನ್ನೂ."

"ಹೆಸ್ರೇ ಇಲ್ದಿದ್ದು ಎಂತಾ ಕಾಯಿಲೆನೇ ಮಾರಾಯ್ತಿ! ತಮ್ಮನ ಮೇಲೆ ಜೀವ ನಿಂಗೆ, ಗೊತ್ತದೆ ನಮ್ಗೆ."

"ಹೆಸ್ರು ಬೇಕಾರೆ ಬಾಟ್ಲಿ ಮೇಲೆ ಬರ್ದಿರ್ತದೆ, ನೋಡು," ಎಂದ ಬಲೆ ಹೊಲಿಯುತ್ತಿದ್ದವನೊಬ್ಬ. ಎಲ್ಲರೂ ನಕ್ಕರು.

ಕೈಗೆ ಸಿಕ್ಕ ಬುಟ್ಟಿ ಎತ್ತಿ ಅವನ ತಲೆಗೆ ಹೊಡೆಯಬೇಕೆನಿಸಿತು. ಆದರೆ ಆ ನಗುವನ್ನು ಅವರ ಬಾಯಿಗೆ ಇಟ್ಟವಳು ನಾನೇ.

ತಮ್ಮ ಕೋಲೂರಿಕೊಂಡು ತಾಂಡೇಲನ ಎದುರು ಹೋದ. ಮುಖಕ್ಕೆ ಮುಖ ತಂದು ಬಾಯಿ ಅಗಲಿಸಿದ.

"ಮೂಸು," ಅಂದ.

ತಾಂಡೇಲ ಮುಖ ಆಚೆ ತಿರುಗಿಸಿದ. ತಮ್ಮ ಬಾಯಿ ಮುಚ್ಚಲಿಲ್ಲ. ಅವನ ಕಾಲು ನಡುಗತೊಡಗಿತ್ತು. ನಾನು ಓಡಿಹೋಗಿ ಅವನ ರಟ್ಟೆ ಬಿಗಿಯಾಗಿ ಹಿಡಿದುಕೊಂಡೆ, ಇವರೆದುರು ಮಾತ್ರ ಬೀಳದಿರಲಿ ಎಂದು.