ಹೊಕ್ಕುಳಿನ ಗಂಟು

ಕಮಲಾಪುರದ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಶಾಂತಮ್ಮ, ಕಲಬುರಗಿಯ ಸೇಡಂ ರಸ್ತೆಯ ನಮ್ಮ ಆಸ್ಪತ್ರೆಗೆ ಸಿ.ಟಿ. ಸ್ಕ್ಯಾನಿಗೆಂದು ಒಬ್ಬರೇ ಬಂದಿದ್ದರು. ಹೊಕ್ಕುಳಿನಲ್ಲಿ ಕಡಲೆಯಷ್ಟು ಗಂಟು. "ಸೀರಿ ಬಿಗಿ ಕಟ್ಟಿ ಆಗೇದ್ರೀ," ಅಂದರು.

ಗಾಜಿನ ಈಚೆ ಕೂತು ಯಂತ್ರ ನಡೆಸುವವಳು ನಾನು. ಪರದೆಯ ಮೇಲೆ ಅಂಡಾಶಯದಲ್ಲಿ ದೊಡ್ಡ ಗೆಡ್ಡೆ ಕಂಡಿತು. ಹೊಕ್ಕುಳಿನದೂ ಅದರದೇ ಚೂರಿರಬಹುದು ಅನ್ನಿಸಿತು.

ಸ್ಕ್ಯಾನ್ ಮುಗಿಸಿ ಹೊರಬಂದ ಶಾಂತಮ್ಮ ಕೇಳಿದರು, "ಏನ್ ಕಂಡ್ತವ್ವಾ?"

"ಡಾಕ್ಟರ್ ಹೇಳ್ತಾರ್ರೀ." ನಾವು ಹೇಳುವಂತಿಲ್ಲ, ಅದು ನಿಯಮ.

ವರದಿ ನೋಡಿದ ಡಾಕ್ಟರ್, "ನಿಮ್ಮ ಜೋಡಿ ಯಾರ್ ಬಂದಾರ?" ಎಂದು ಕೇಳಿದರು. ಫಿಲ್ಮ್ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ನನ್ನತ್ತ ಶಾಂತಮ್ಮ ಕೈ ಮಾಡಿದರು. "ಈಕಿನೇ ಅದಾಳ್ರೀ."

ಪಕ್ಕದಲ್ಲಿ ಕೂತೆ. ಕ್ಯಾನ್ಸರ್ ಇದ್ದಂತಿದೆ, ಅಂಡಾಶಯದಿಂದ ಹೊಕ್ಕುಳಿಗೆ ಹಬ್ಬಿರಬೇಕು, ಗಂಟಿನ ಚೂರು ತೆಗೆದು ಪರೀಕ್ಷಿಸಬೇಕು, ಚಿಕಿತ್ಸೆಯೂ ಇದೆ ಎಂದು ಡಾಕ್ಟರ್ ತಿಳಿಸಿದರು. ಅಷ್ಟೂ ಹೊತ್ತು ಆಕೆ ನನ್ನ ಕೈ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದರು, "ನಿನಗ ಆಗಲೇ ಗೊತ್ತಾಗಿತ್ತೇನವ್ವಾ?"

"ಹೂಂರೀ."

"ಮತ್ತ ಒಬ್ಬಾಕಿನೇ ಹ್ಯಾಂಗ ಇಟ್ಕೊಂಡು ಕುಂತಿದ್ದಿ?" ಎನ್ನುತ್ತ ನನ್ನ ತಲೆ ಸವರಿದರು.

ರೋಗಿಗೆ ಏನು ಹೇಳಬಾರದೆಂದು ನಮಗೆ ಕಲಿಸಿದ್ದಾರೆ. ರೋಗಿಯೇ ಸಮಾಧಾನ ಮಾಡಿದರೆ ಏನು ಹೇಳಬೇಕೆಂದು ಯಾರೂ ಕಲಿಸಿಲ್ಲ.