ಅಮ್ಮನ ಹೆಸರೂ ಬರೆದು ಕಳಿಸಿದ ಕಾರ್ಡುಗಳು

ಅಮ್ಮ ತೀರಿಕೊಂಡ ವರ್ಷ ಕ್ರಿಸ್‌ಮಸ್ಸಿಗೆ ನಾನು ಹೊಸನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಅಲ್ಲಿನ ಹೈಸ್ಕೂಲಿಗೆ ಟೀಚರಾಗಿ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಅಮ್ಮ ಸಾಗರದಲ್ಲಿ ನರ್ಸಾಗಿದ್ದವಳು. ಡಿಸೆಂಬರ್ ಬಂತೆಂದರೆ ಡ್ಯೂಟಿ ಮುಗಿಸಿ ಬಂದು, ಊಟದ ಮೇಜಿನ ತುಂಬ ಗ್ರೀಟಿಂಗ್ ಕಾರ್ಡು ಹರಡಿಕೊಂಡು, ಕೊಂಕಣಿ ಹಾಡು ಗುನುಗುತ್ತ ಬರೆಯಲು ಕೂರುತ್ತಿದ್ದಳು. ಕೊನೆಯಲ್ಲಿ ಇಬ್ಬರ ಹೆಸರು ಬರೆದು ಸ್ಟಾಂಪು ಅಂಟಿಸುವುದು ನನ್ನ ಕೆಲಸ.

ಆ ಡಿಸೆಂಬರಿನ ಒಂದು ಭಾನುವಾರ, ಹೇಗಾದರೂ ಹಬ್ಬದ ಉತ್ಸಾಹ ಬರಲಿ ಎಂದು ಮೊಬೈಲಿನಲ್ಲಿ ಕ್ಯಾರಲ್ ಹಾಡು ಹಾಕಿದೆ. ಬೇರೆ ಯಾರದೋ ಮನೆಯಲ್ಲಿ ಹಾಡುತ್ತಿರುವಂತೆ ಕೇಳಿಸಿತು. ಮೂರನೆಯ ಹಾಡಿಗೆ ನಿಲ್ಲಿಸಿಬಿಟ್ಟೆ. ಆಮೇಲೆ ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳುತ್ತ ಕೂತಿದ್ದೆ.

ಮರುದಿನ ಶಾಲೆ ಬಿಟ್ಟ ಮೇಲೆ ಕಾರ್ಡು ಹುಡುಕಿಕೊಂಡು ಪೇಟೆಗೆ ಹೋದೆ. ಅಂಗಡಿಯವರು ನಕ್ಕರು. "ಈಗ ಯಾರ್ ಕಳಿಸ್ತಾರೆ ಮೇಡಂ? ಎಲ್ಲ ವಾಟ್ಸಾಪಲ್ಲೇ."

ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಕೊಂಡು ಬಂದು ನಾನೇ ಕಾರ್ಡು ಮಾಡಿದೆ. ಅಮ್ಮನ ವಿಳಾಸದ ಪುಸ್ತಕದಲ್ಲಿ ಎಷ್ಟೋ ಹೆಸರುಗಳ ಮೇಲೆ ಅವಳೇ ಗೆರೆ ಎಳೆದಿದ್ದಳು. ಉಳಿದವರು ಒಂಬತ್ತು ಮಂದಿ. ಮೊದಲ ಕಾರ್ಡಿನ ಕೊನೆಯಲ್ಲಿ ನನ್ನ ಕೈ ಅಭ್ಯಾಸಬಲದಿಂದ ಅಮ್ಮನ ಹೆಸರನ್ನು ಬರೆದು, ಅದರ ಕೆಳಗೆ ನನ್ನದನ್ನು ಬರೆಯಿತು. ಅದು ಗೊತ್ತಾಗದೆ ಆದದ್ದು. ಉಳಿದ ಎಂಟರಲ್ಲಿ ಗೊತ್ತಿದ್ದೇ ಬರೆದೆ. ನನ್ನ ಫೋನ್ ನಂಬರನ್ನೂ ಹಾಕಿ ಪೋಸ್ಟ್ ಮಾಡಿದೆ.

ಐದನೆಯ ದಿನ ತೀರ್ಥಹಳ್ಳಿಯಿಂದ ಫೋನ್ ಬಂತು. ಅಮ್ಮನ ಜೊತೆ ನರ್ಸಿಂಗ್ ಕಲಿತ ಗೆಳತಿ. ನಾನು ಚಿಕ್ಕವಳಿದ್ದಾಗ ಅವರನ್ನು ಚಿಕ್ಕಮ್ಮ ಎನ್ನುತ್ತಿದ್ದೆ.

"ಕಾರ್ಡ್ ಬಂತು ಮಾರಾಯ್ತಿ. ಎಲ್ಲಿ, ನಿನ್ನಮ್ಮಂಗೆ ಫೋನ್ ಕೊಡು. ಅವಳ ನಂಬರಿಗೆ ಮಾಡಿ ಮಾಡಿ ಸಾಕಾಯ್ತು. ಜಗಳ ಆಡೋದಿದೆ ನಂಗೆ."

"ಚಿಕ್ಕಮ್ಮ, ಅಮ್ಮ ಇಲ್ಲ. ಮಾರ್ಚಲ್ಲೇ ಹೋಗ್ಬಿಟ್ಲು."

"ಮತ್ತೆ ಇದ್ರಲ್ಲಿ ಹೆಸರಿದ್ಯಲ್ಲೇ?"

"ನಾನೇ ಬರ್ದೆ. ಬಿಡಕ್ಕೆ ಮನಸ್ಸಾಗ್ಲಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದರೆ ಒಳ್ಳೆಯದೆಂದೂ ಅನ್ನಿಸಿತು.

"ಒಬ್ಳೇ ಇದೀಯಾ?" ಎಂದರು.

"ಹ್ಞೂಂ."

"ಹಬ್ಬದ ದಿನ ಇಲ್ಲಿಗೆ ಬಾ."

ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ತೀರ್ಥಹಳ್ಳಿ ಬಸ್ಸು ಹತ್ತಿದೆ. ಚಿಕ್ಕಮ್ಮ ಬಾಗಿಲಲ್ಲೇ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ನಿಮ್ ಕೇಕ್ ನಂಗೆ ಬರಲ್ಲ, ಪಾಯಸ ಮಾಡಿದೀನಿ" ಎಂದರು. ಊಟದ ನಂತರ, ಹಾಸ್ಟೆಲಿನಲ್ಲಿ ಅಮ್ಮ ಹೇಳುತ್ತಿದ್ದ ಕ್ರಿಸ್‌ಮಸ್ ಹಾಡೊಂದನ್ನು ಹಾಡು ಎಂದರು. ಹಾಡಿದೆ. ಎರಡನೆಯ ಚರಣದಲ್ಲಿ ಪದ ಮರೆತು ನಿಂತೆ. ಕೊಂಕಣಿ ಗೊತ್ತಿಲ್ಲದ ಅವರು ಮುಂದಿನ ಸಾಲನ್ನು ತಪ್ಪಿಲ್ಲದೆ ಹೇಳಿಕೊಟ್ಟರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಅಳಲಿಲ್ಲ, ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಅತ್ತೆ.

ಜನವರಿಯಲ್ಲಿ ಉಳಿದ ಎಂಟು ಮಂದಿಗೂ ನಿಜ ಬರೆದು ಕ್ಷಮೆ ಕೇಳಿದೆ. ಇಬ್ಬರು ಉತ್ತರಿಸಿದರು. ಒಂದು ಪತ್ರ ವಿಳಾಸದಾರರಿಲ್ಲ ಎಂಬ ಷರಾದೊಂದಿಗೆ ಮರಳಿ ಬಂತು. ಉಳಿದವರಿಂದ ಏನೂ ಬರಲಿಲ್ಲ.