ಬಂಡೆಯ ಬುಡದ ಎಡೆ

ಪುಣಜನೂರು ದಾಟಿ ಸತ್ಯಮಂಗಲದ ಕಡೆ ಹೊರಟರೆ ರಸ್ತೆಯ ಪಕ್ಕ ಒಂದು ಬಂಡೆ ಸಿಗುತ್ತದೆ. ಕಾಡುಗಳ್ಳರ ಕಾಲದಲ್ಲಿ, ಸೌದೆಗೆ ಹೋದ ನನ್ನ ಚಿಕ್ಕಪ್ಪ ಅವರ ಗುಂಡೇಟು ತಿಂದು ಸತ್ತದ್ದು ಅಲ್ಲಿಯೇ. ಈಗ ಜನ ಕಾರು ನಿಲ್ಲಿಸಿ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಕಳ್ಳರು ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು ಎಂದೆಲ್ಲ ಕೇಳುತ್ತಾರೆ. ಚಿಕ್ಕಪ್ಪನ ಹೆಸರನ್ನು ಮಾತ್ರ ಒಬ್ಬರೂ ಕೇಳಿದ್ದಿಲ್ಲ.

ನನಗೆ ಸಿಟ್ಟು ಬರುತ್ತದೆ. ಹಾಗಂತ ಓಡಿಸುವಂತೆಯೂ ಇಲ್ಲ, ಅವರೆಲ್ಲ ಟೀ ಕುಡಿಯುವುದು ನಮ್ಮ ಅಂಗಡಿಯಲ್ಲೇ. ಅತ್ತ ದರಿ, ಇತ್ತ ಪುಲಿ.

ಮಹಾಲಯ ಅಮಾವಾಸ್ಯೆಯ ದಿನ ಚಿಕ್ಕವ್ವ ಆ ಬಂಡೆಯ ಬುಡದಲ್ಲೇ ಗಂಡನಿಗೆ ಎಡೆ ಇಡುತ್ತಾಳೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು ನಮ್ಮ ಪದ್ಧತಿ: ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಹೋದ ವರ್ಷ ಧೂಪ ಹಾಕಿ ನಾವು ಸ್ವಲ್ಪ ದೂರ ಸರಿದು ನಿಂತೆವು. ಹಿರಿಯರು ಉಣ್ಣುವಾಗ ನೋಡುತ್ತ ನಿಲ್ಲಬಾರದು. ಅಷ್ಟರಲ್ಲಿ ಕಾರಿನಿಂದ ಇಳಿದ ಯುವಕನೊಬ್ಬ ಎಲೆಯ ಮುಂದೆ ಮೊಬೈಲ್ ಹಿಡಿದು ವಿಡಿಯೊ ಶುರು ಮಾಡಿಯೇಬಿಟ್ಟ.

"ನೋಡಿ ಫ್ರೆಂಡ್ಸ್, ಇಲ್ಲಿನ ಜನ ಆ ಕಳ್ಳರನ್ನ ಇವತ್ತಿಗೂ ಪೂಜೆ ಮಾಡ್ತಾರೆ!"

ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕವ್ವ ಅವನ ಎದುರು ನಿಂತಿದ್ದಳು.

"ಇದು ನನ್ ಗಂಡನ್ ಎಡೆ ಕಣಪ್ಪ. ಕೊಂದೋರ್ದಲ್ಲ."

ಅವನು ಮೊಬೈಲ್ ಇಳಿಸಿದ. "ಸಾರಿ ಅಮ್ಮ, ಗೊತ್ತಿರ್ಲಿಲ್ಲ."

"ಗೊತ್ತಾಯ್ತಲ್ಲ, ಕೂತ್ಕೊ. ಉಂಡ್ಬುಟ್ಟು ಓಗು. ಎಡೆಗೆ ಬಂದವ್ರಿಗೆ ಇಕ್ದೆ ಕಳಿಸ್ಬಾರ್ದು."

ಪಾಪ, ಕೂತ. ಮುದ್ದೆ ನುಂಗಲು ಬಾರದೆ ಹಲ್ಲಿಗೆ ಅಂಟಿಸಿಕೊಂಡು ಅಗಿದ. ನನಗೆ ಸಿಟ್ಟಿನ ನಡುವೆಯೂ ನಗು ಬಂತು. ಚಿಕ್ಕವ್ವ ಮತ್ತಷ್ಟು ಸಾರು ಬಿಟ್ಟಳು. "ಅವ್ರೂ ಇಂಗೇ, ಸಾರು ಜಾಸ್ತಿ ಬೇಕು ಅನ್ನೋರು" ಎಂದಳು.

ಕೈ ತೊಳೆದವನು ಮೆಲ್ಲಗೆ ಕೇಳಿದ, "ಅವರ ಹೆಸರೇನಮ್ಮ?"

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮ ಹೆಂಗಸರು ನಂಬುತ್ತಾರೆ. ಚಿಕ್ಕಪ್ಪ ಸತ್ತ ಮೇಲೂ ಚಿಕ್ಕವ್ವ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಅದಕ್ಕೇ ನಾನೇ ಹೇಳಲು ಮುಂದಾದೆ. ಅವಳು ಕೈ ಅಡ್ಡ ಹಿಡಿದು ನನ್ನನ್ನು ತಡೆದಳು.

ಆಮೇಲೆ ಸೆರಗು ಸರಿಮಾಡಿಕೊಂಡು, ಬಂಡೆಗೂ ಕೇಳಿಸುವಷ್ಟು ಜೋರಾಗಿ, ತಾನೇ ಹೇಳಿದಳು.